ಸೋತವರಿಗೂ ನಿದ್ದೆ ಬರುವ ಊರು

(ಶಿವಮೊಗ್ಗದ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮಾತಿಗೆ ಕರೆದವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಸರ್, ಎಲ್ಲಿ ನೋಡಿದರೂ ಜನ ಎರಡು ಪಾಲಾಗಿದ್ದಾರೆ. ಮನೆಯೊಳಗೂ ಅದೇ ಕಥೆ. ಇದು ಹೀಗೇ ಹೋದರೆ ಅಂತರ್ಯುದ್ಧ ಆಗುತ್ತಾ?"

ಸುತ್ತಿ ಬಳಸಿ ಹೇಳೋದು ಬೇಡ. ನಮ್ಮ ರಾಜ್ಯದಲ್ಲಾಗಲಿ, ದೇಶದ ಮಟ್ಟದಲ್ಲಾಗಲಿ, ಪಕ್ಷ ಪಂಗಡಗಳ ಈ ಜಗಳ ಅಂತರ್ಯುದ್ಧ ಆಗುವ ಸಾಧ್ಯತೆ ತುಂಬಾ ಕಡಿಮೆ ಅಂತ ನನ್ನ ಲೆಕ್ಕ. ಆದರೆ ಯಾಕೆ ಕಡಿಮೆ ಅಂತ ತಿಳಿಯದೆ ಸಮಾಧಾನ ಪಟ್ಟುಕೊಂಡರೆ ಕಷ್ಟ. ನಮ್ಮನ್ನು ಕಾಯುತ್ತಿರುವ ಕಾರಣಗಳು ತಾವಾಗಿ ಉಳಿಯುವಂಥವಲ್ಲ. ಯಾರೋ ದಿನಾ ನೋಡಿಕೊಳ್ಳುತ್ತಿದ್ದಾರೆ, ಅದಕ್ಕೇ ಉಳಿದಿವೆ. ಇನ್ನೊಂದು ಮಾತು. ಯುದ್ಧ ಆಗಲಿಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಇದೆ ಅಂತಲ್ಲ. ಇವೆರಡರ ನಡುವೆ ದೊಡ್ಡ ಜಾಗ ಇದೆ. ಶಿವಮೊಗ್ಗದವರಿಗೆ ಆ ಜಾಗ ಚೆನ್ನಾಗಿ ಗೊತ್ತು.

ಮೊದಲು ಅಳತೆ ನೋಡೋಣ. ಇದನ್ನು ಅಧ್ಯಯನ ಮಾಡುವವರು ಸಾವುಗಳನ್ನು ಎಣಿಸುತ್ತಾರೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರ ಪಟ್ಟಿಯಲ್ಲಿ, ಸರ್ಕಾರಕ್ಕೂ ಒಂದು ಸಂಘಟಿತ ಗುಂಪಿಗೂ ನಡೆಯುವ ಕಾದಾಟದಲ್ಲಿ ವರ್ಷಕ್ಕೆ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ. 1,000 ದಾಟಿದರೆ ಯುದ್ಧ. ಅಂದರೆ ಅಂತರ್ಯುದ್ಧ ಅನ್ನೋದು ಗಲಾಟೆಯ ದೊಡ್ಡ ರೂಪ ಅಲ್ಲ. ಅದಕ್ಕೆ ಪಡೆ ಬೇಕು, ದುಡ್ಡು ಬೇಕು, ಅಡಗೋಕೆ ಜಾಗ ಬೇಕು, ವರ್ಷಗಟ್ಟಲೆ ಅನ್ನ ಹಾಕುವವರು ಬೇಕು.

ಹಾಗಾದರೆ ಎಂಥ ದೇಶಗಳಲ್ಲಿ ಇದು ಆಗುತ್ತೆ? ಹಲವು ಜಾತಿ, ಹಲವು ಧರ್ಮ, ಹಲವು ಭಾಷೆ ಇರುವ ಕಡೆ ಅಂತ ನಮಗೆ ಥಟ್ಟನೆ ಅನ್ನಿಸುತ್ತದೆ. ಸ್ಟ್ಯಾನ್‌ಫರ್ಡಿನ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೇಟಿನ್ ಎಂಬ ಇಬ್ಬರು ವಿದ್ವಾಂಸರು 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ಕೂಡಿಸಿ ನೋಡಿದರು. 2003ರಲ್ಲಿ ಬಂದ ಅವರ ಬರಹ ಆ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಧರ್ಮ ಭಾಷೆಗಳ ವೈವಿಧ್ಯ ಜಾಸ್ತಿ ಇದೆ ಅನ್ನೋ ಕಾರಣಕ್ಕೆ ಯುದ್ಧ ಜಾಸ್ತಿ ಆಗೋದಿಲ್ಲ. ಜಾಸ್ತಿ ಆಗೋದು ಬಡತನ ಇರುವ ಕಡೆ, ಸರ್ಕಾರ ಸೊರಗಿರುವ ಕಡೆ, ಮತ್ತೆ ಗುಡ್ಡಗಾಡು ಇರುವ ಕಡೆ.

ಗುಡ್ಡಗಾಡು ಅಂದಾಗ ಮಲೆನಾಡಿನವರು ಕಿವಿ ನಿಮಿರಿಸಬೇಕು, ಅಲ್ವಾ? ನಮ್ಮಲ್ಲಿ ಗುಡ್ಡವೂ ಇದೆ, ಕಾಡೂ ಇದೆ, ಸಿಟ್ಟೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ತುಂಬಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಬಗರ್ ಹುಕುಂ ಅರ್ಜಿಗಳು ಬಾಕಿ ಇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಒಕ್ಕಲೆಬ್ಬಿಸುತ್ತಾರೆ ಅನ್ನೋ ಭಯದ ನಡುವೆಯೇ ಇಲ್ಲಿ ನಕ್ಸಲ್ ಚಳವಳಿ ಕಾಲಿಟ್ಟಿತು. 2003ರಲ್ಲಿ ಈದು ಅನ್ನೋ ಊರಲ್ಲಿ ಪೊಲೀಸ್ ಎನ್‌ಕೌಂಟರ್ ಆಯಿತು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ಆಮೇಲೂ ಇಪ್ಪತ್ತು ವರ್ಷ ಕಾಡಿನಲ್ಲಿ ಒಂದಷ್ಟು ಜನ ಉಳಿದಿದ್ದರು. 2025ರ ಜನವರಿ 8ರಂದು ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅವರನ್ನು ಆಚೆ ತರೋಕೆ ನಾಗರಿಕರ ಒಂದು ವೇದಿಕೆ ಮಧ್ಯೆ ನಿಂತು ಮಾತಾಡಿತ್ತು.

ಕಾಡು ಇತ್ತು, ಸಿಟ್ಟು ಇತ್ತು, ಬಂದೂಕೂ ಬಂತು. ಆದರೂ ಮಲೆನಾಡು ಯುದ್ಧಭೂಮಿ ಆಗಲಿಲ್ಲ. ಪೊಲೀಸರ ಬಲದಿಂದ ಮಾತ್ರ ಹಾಗಾಯಿತು ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿನ ಜನಕ್ಕೆ ಸಿಟ್ಟು ತೋರಿಸೋಕೆ ಬೇರೆ ದಾರಿಗಳಿದ್ದವು. ಆ ದಾರಿಗಳನ್ನು ಮಾಡಿಕೊಟ್ಟವರು ಅವರ ಅಜ್ಜಂದಿರು.

ಸಾಗರದ ಹತ್ತಿರದ ಕಾಗೋಡು ನೋಡಿ. 1951. ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ ಜಗಳ. ಧಣಿಗಳು ಭತ್ತ ತಗೊಳ್ಳುವಾಗ ದೊಡ್ಡ ಕೊಳಗ ಇಡುತ್ತಾರೆ, ಇನ್ನು ಮುಂದೆ ಅದು ನಡೆಯೋದಿಲ್ಲ ಅಂತ ಗೇಣಿದಾರರು ಎದ್ದು ನಿಂತರು. ಹೆಚ್. ಗಣಪತಿಯಪ್ಪ ಮುಂದಾಳು. ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೇ ಇಳಿಯದ ಹಾಗೆ ಧಣಿಗಳು ಮಾಡಿದರು. ಗೇಣಿದಾರರು ಗುಂಪು ಗುಂಪಾಗಿ ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಒಂದು ಕಡೆ ಜಮೀನು, ಜಾತಿ, ಅಧಿಕಾರ ಎಲ್ಲವೂ ಇದ್ದವರು. ಇನ್ನೊಂದು ಕಡೆ ನೇಗಿಲು ಬಿಟ್ಟರೆ ಬೇರೇನೂ ಇಲ್ಲದವರು. ಊರು ಎರಡು ಪಾಲಾಗೋದು ಅಂದರೆ ಇದಕ್ಕಿಂತ ಬೇಕಾ? ಎಷ್ಟೋ ದೇಶಗಳಲ್ಲಿ ಇಷ್ಟಕ್ಕೇ ರಕ್ತದ ಕೋಡಿ ಹರಿದಿದೆ.

ಇಲ್ಲಿ ಏನಾಯಿತು? ಮರುವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಅದೇ ಸಾಗರ ಸೀಮೆಯಿಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಬೀದಿಯಲ್ಲಿ ಸೋತಿದ್ದ ಹೋರಾಟಕ್ಕೆ ಸದನದಲ್ಲಿ ಒಂದು ಬಾಯಿ ಸಿಕ್ಕಿತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ ಭೂನ್ಯಾಯ ಮಂಡಳಿ ಮುಂದೆ ನಿಂತು ಅರ್ಜಿ ಕೊಟ್ಟ. ಎಷ್ಟೋ ಧಣಿಗಳು ಜಮೀನು ಕಳೆದುಕೊಂಡರು. ಕೆಲವು ಮನೆಗಳಲ್ಲಿ ಆ ನೋವು ಇನ್ನೂ ಇದೆ. ಆ ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕಳೆದುಕೊಂಡವರೂ ಕೋರ್ಟಿಗೆ ಹೋದರು. ಬಂದೂಕು ಹಿಡಿದು ಗದ್ದೆಯ ಬದುವಿಗೆ ಹೋಗಲಿಲ್ಲ.

1951ರಿಂದ 1974ಕ್ಕೆ 23 ವರ್ಷ. ಅಷ್ಟು ದಿನ ಸೋತವನನ್ನು ಹಿಡಿದು ನಿಲ್ಲಿಸಿದ್ದು ಏನು? ನಾಳೆ ನನಗೂ ಒಂದು ಸರದಿ ಬರಬಹುದು ಅನ್ನೋ ನಂಬಿಕೆ. 1974ರಲ್ಲಿ ಸೋತವನನ್ನು ಹಿಡಿದು ನಿಲ್ಲಿಸಿದ್ದು ಏನು? ಜಮೀನು ಹೋದರೂ ಜೀವ, ಮನೆ, ಮರ್ಯಾದೆ ಉಳಿಯುತ್ತೆ ಅನ್ನೋ ನಂಬಿಕೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ದ್ವೇಷ ಎಷ್ಟಿದೆ ಅಂತ ಅಳೆದರೆ ಯುದ್ಧದ ಸುಳಿವು ಸಿಗೋದಿಲ್ಲ. ಸೋತವನು ರಾತ್ರಿ ಮನೆಗೆ ಹೋಗಿ ನಿದ್ದೆ ಮಾಡುತ್ತಾನಾ ಅಂತ ನೋಡಬೇಕು.

ನಮ್ಮ ಕೋವಿಗಳ ವಿಷಯ ತಗೊಳ್ಳಿ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಅಂತ ಪರವಾನಗಿ ಪಡೆದ ಕೋವಿ ಎಷ್ಟು ಮನೆಯಲ್ಲಿದೆ ಅಂತ ನಿಮಗೇ ಗೊತ್ತು. ಹಂದಿ, ಮಂಗ, ಕಾಡುಕೋಣದ ಕಾಟ. ಚುನಾವಣೆ ಘೋಷಣೆ ಆದ ಕೂಡಲೇ ಕೋವಿಯನ್ನು ಠಾಣೆಗೆ ತಂದು ಒಪ್ಪಿಸಿ ಅಂತ ಆದೇಶ ಬರುತ್ತದೆ. ರೈತರು ಬೈಯುತ್ತಾರೆ. "ಓಟು ಮುಗಿಯೋವರೆಗೆ ಮಂಗಗಳಿಗೂ ನೀತಿ ಸಂಹಿತೆ ಹೇಳ್ತೀರಾ?" ಅಂತ ಕೇಳುತ್ತಾರೆ. ಅವರ ಕಷ್ಟ ನಿಜವಾದದ್ದೇ.

ನಮ್ಮ ದೊಡ್ಡಪ್ಪನ ಕೋವಿ ಇಡೋಕೆ ನಾನೂ ತೀರ್ಥಹಳ್ಳಿ ಸೀಮೆಯ ಒಂದು ಠಾಣೆಗೆ ಹೋಗಿದ್ದೇನೆ. ಕೋಣೆಯ ಗೋಡೆಗೆ ಸಾಲಾಗಿ ಕೋವಿಗಳು. ಹಳೇ ಕೇಪಿನ ಕೋವಿ, ಜೋಡುನಳಿಗೆ, ಹಿಡಿಗೆ ತಂತಿ ಸುತ್ತಿದ್ದು, ಎಣ್ಣೆ ಹಚ್ಚಿ ಫಳಫಳ ಹೊಳೆಯುತ್ತಿದ್ದದ್ದು. ಒಂದೊಂದಕ್ಕೂ ದಾರದಲ್ಲಿ ಚೀಟಿ. ಚೀಟಿಯಲ್ಲಿ ಹೆಸರು, ಊರು, ಪರವಾನಗಿ ನಂಬರು. ಪೊಲೀಸಿನವರು ನಳಿಗೆ ಬಗ್ಗಿಸಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ರಸೀದಿ ಹರಿದು ಕೊಟ್ಟರು. ಚೀಟಿಯ ಹೆಸರುಗಳನ್ನು ಓದುತ್ತಾ ಹೋದೆ. ಆ ಪಕ್ಷದ ಬೂತ್ ಏಜೆಂಟನ ಕೋವಿ ಈ ಪಕ್ಷದ ಪಂಚಾಯಿತಿ ಸದಸ್ಯನ ಕೋವಿಗೆ ಒರಗಿಕೊಂಡಿತ್ತು. ಗಡಿ ತಕರಾರಿನಲ್ಲಿ ಹತ್ತು ವರ್ಷದಿಂದ ಕೋರ್ಟಿಗೆ ಅಲೆಯುತ್ತಿರುವ ಅಣ್ಣ ತಮ್ಮಂದಿರದ್ದೂ ಅಲ್ಲೇ ಇದ್ದವು.

ಮನುಷ್ಯ ತನ್ನ ಕೈಯಲ್ಲಿರುವ ಆಯುಧವನ್ನು ತಾನಾಗಿ ಕೊಟ್ಟು ಬರೋದು ಸಣ್ಣ ಮಾತಲ್ಲ. ಹಾಗೆ ಕೊಡಬೇಕಾದರೆ ಮೂರು ವಿಷಯದಲ್ಲಿ ನಂಬಿಕೆ ಇರಬೇಕು. ಪಕ್ಕದವನೂ ಕೊಡುತ್ತಾನೆ. ಠಾಣೆಯವರು ಅವನದ್ದನ್ನು ಗುಟ್ಟಾಗಿ ವಾಪಸ್ ಕೊಡೋದಿಲ್ಲ. ಎಣಿಕೆ ಮುಗಿದ ಮೇಲೆ, ಯಾರೇ ಗೆದ್ದರೂ, ನನ್ನದು ನನಗೆ ಸಿಗುತ್ತೆ. ಈ ಮೂರರಲ್ಲಿ ಒಂದು ಹೋದರೂ ಜನ ಕೋವಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಾರೆ. ಒಬ್ಬ ಬಚ್ಚಿಟ್ಟ ಅಂತ ಗೊತ್ತಾದರೆ ಇನ್ನೊಬ್ಬನೂ ಬಚ್ಚಿಡುತ್ತಾನೆ. ಇಬ್ಬರಿಗೂ ಹೊಡೆಯುವ ಮನಸ್ಸಿಲ್ಲ, ಇಬ್ಬರಿಗೂ ಹೆದರಿಕೆ. ಯುಗೊಸ್ಲಾವಿಯಾ ಒಡೆದಾಗ ಬ್ಯಾರಿ ಪೋಸನ್ ಎಂಬ ವಿದ್ವಾಂಸರು 1993ರಲ್ಲಿ ಇದನ್ನೇ ಬರೆದರು. ಎಲ್ಲರಿಗೂ ಮೇಲೆ ನಿಂತು ಕಾಯುವ ಸರ್ಕಾರ ಕುಸಿದಾಗ, ಒಂದು ಗುಂಪು ತನ್ನ ರಕ್ಷಣೆಗೆ ಅಂತ ಮಾಡಿಕೊಂಡ ತಯಾರಿ ಇನ್ನೊಂದು ಗುಂಪಿಗೆ ದಾಳಿಯ ತಯಾರಿಯಾಗಿ ಕಾಣುತ್ತದೆ.

ಠಾಣೆಯೇ ಒಂದು ಪಕ್ಷದ್ದಾದರೆ ಏನಾಗುತ್ತದೆ? ಅದಕ್ಕೆ ಕೊಲಂಬಿಯಾದ ಕಥೆ ಹೇಳಬೇಕು. ನಮ್ಮಲ್ಲಿ ಯಾರೂ ಅದನ್ನು ಹೇಳೋದಿಲ್ಲ. ಆದರೆ ಮಲೆನಾಡಿನವರಿಗೆ ಅದಕ್ಕಿಂತ ಹತ್ತಿರದ ಕಥೆ ಇಲ್ಲ. ಅದೂ ಗುಡ್ಡದ ಸೀಮೆ. ಅದೂ ಕಾಫಿ ತೋಟದ ಸೀಮೆ.

ಕೊಲಂಬಿಯಾದಲ್ಲಿ ಎರಡು ಪಕ್ಷ. ಲಿಬರಲ್‌ಗಳದ್ದು ಕೆಂಪು, ಕನ್ಸರ್ವೇಟಿವ್‌ಗಳದ್ದು ನೀಲಿ. ಎರಡೂ ಕಡೆಯವರು ಒಂದೇ ಸ್ಪ್ಯಾನಿಷ್ ಆಡುವವರು, ಒಂದೇ ಕ್ಯಾಥೊಲಿಕ್ ಚರ್ಚಿಗೆ ಹೋಗುವವರು. ಜಾತಿ ಇಲ್ಲ, ಭಾಷೆ ಬೇರೆ ಅಲ್ಲ. ಆದರೆ ಪಕ್ಷ ಹುಟ್ಟಿನಿಂದ ಬರುತ್ತಿತ್ತು. ಅಪ್ಪ ಕೆಂಪು ಅಂದರೆ ಮಗ ಕೆಂಪು. ಊರಿಗೆ ಊರೇ ನೀಲಿ, ಪಕ್ಕದ ಊರು ಕೆಂಪು. 1946ರಲ್ಲಿ ಲಿಬರಲ್‌ಗಳು ಒಡೆದು ಇಬ್ಬರು ಅಭ್ಯರ್ಥಿಗಳಾದರು, ಕನ್ಸರ್ವೇಟಿವ್‌ಗಳು ಗೆದ್ದರು. ಸರ್ಕಾರ ಬದಲಾದ ಮೇಲೆ ಹಳ್ಳಿಗಳಲ್ಲಿ ಹೊಡೆದಾಟ ಶುರುವಾಯಿತು. 1948ರ ಏಪ್ರಿಲ್ 9ರಂದು ಲಿಬರಲ್ ನಾಯಕ ಗೈತಾನ್ ಅವರನ್ನು ರಾಜಧಾನಿ ಬೊಗೊಟಾದ ನಡುಬೀದಿಯಲ್ಲಿ ಗುಂಡಿಟ್ಟು ಕೊಂದರು. ನಗರ ಹೊತ್ತಿ ಉರಿಯಿತು.

ಅಲ್ಲಿಂದ ಮುಂದೆ ನೋಡಿ. ಪೊಲೀಸರಿಗೆ ಒಂದೇ ಪಕ್ಷದ ಜನರನ್ನು ಆರಿಸಿ ತುಂಬಿದರು. ಚುಲವೀತಾ ಅಂತ ಒಂದು ಊರು, ನೀಲಿ ಪಕ್ಷದ ಕೋಟೆ. ಅಲ್ಲಿಂದ ಬಂದ ಪೊಲೀಸರಿಗೆ ಆ ಊರಿನ ಹೆಸರೇ ಅಂಟಿತು. ಕೆಂಪು ಊರಿನವನು ದೂರು ಕೊಡೋಕೆ ಎಲ್ಲಿಗೆ ಹೋಗಬೇಕು? ಠಾಣೆಯಲ್ಲಿ ಕೂತವನೇ ನಿನ್ನೆ ರಾತ್ರಿ ಮನೆ ಸುಟ್ಟವನು. 1949ರ ಅಧ್ಯಕ್ಷ ಚುನಾವಣೆಗೆ ಲಿಬರಲ್‌ಗಳು ನಿಲ್ಲಲೇ ಇಲ್ಲ. ಒಬ್ಬರೇ ಅಭ್ಯರ್ಥಿ, ಅವರೇ ಗೆದ್ದರು. ಸೋತವರಿಗೆ ಮತದ ದಾರಿ ಮುಚ್ಚಿತು, ಠಾಣೆಯ ದಾರಿಯೂ ಮುಚ್ಚಿತು. ಉಳಿದದ್ದು ಗುಡ್ಡ. ಹತ್ತು ವರ್ಷದಲ್ಲಿ ಸುಮಾರು 2 ಲಕ್ಷ ಜನ ಸತ್ತರು. ಟೊಲಿಮಾ, ಕಿಂಡಿಯೊದಂಥ ಕಾಫಿ ಸೀಮೆಗಳಲ್ಲಿ ಇನ್ನೊಂದು ವಿಷಯ ನಡೆಯಿತು. ಹೆದರಿ ಊರು ಬಿಟ್ಟವನ ತೋಟದಲ್ಲಿ ಹಣ್ಣಾದ ಕಾಫಿಯನ್ನು ಬೇರೆಯವರು ಕುಯ್ದುಕೊಂಡು ಮಾರಿದರು. ತೋಟವನ್ನೇ ಅಗ್ಗದ ಬೆಲೆಗೆ ಬರೆಸಿಕೊಂಡರು. ಪಕ್ಷದ ಹೆಸರಲ್ಲಿ ಶುರುವಾದ ಕೊಲೆ ಕೊನೆಗೆ ತೋಟ ಹೊಡೆಯುವ ವ್ಯಾಪಾರ ಆಯಿತು. ಈ ಭಾಗವನ್ನು ದಯವಿಟ್ಟು ಮರೆಯಬೇಡಿ. ದೊಡ್ಡ ಸಿದ್ಧಾಂತದ ಹಿಂದೆ ಯಾರಿಗೆ ಯಾವ ಸೈಟು, ಯಾವ ಅಂಗಡಿ, ಯಾವ ಕಾಂಟ್ರಾಕ್ಟು ಸಿಕ್ಕಿತು ಅಂತ ಯಾವಾಗಲೂ ಕೇಳಬೇಕು.

ಅದು ನಿಂತದ್ದು ಹೇಗೆ? ಎರಡೂ ಪಕ್ಷದ ನಾಯಕರು 1957ರಲ್ಲಿ ಸ್ಪೇನಿನ ಒಂದು ಊರಲ್ಲಿ ಕೂತು ಒಪ್ಪಂದ ಮಾಡಿಕೊಂಡರು. ಅದರಲ್ಲಿ ಒಬ್ಬರು 1949ರಲ್ಲಿ ಎದುರಾಳಿಯೇ ಇಲ್ಲದೆ ಗೆದ್ದಿದ್ದ ಗೋಮೆಸ್. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷ ಪದವಿ ಒಂದು ಪಕ್ಷದಿಂದ ಇನ್ನೊಂದಕ್ಕೆ. ಸದನದಲ್ಲಿ ಸಮಪಾಲು. 1974ರವರೆಗೆ ಹಾಗೇ ನಡೆಯಿತು. ಕೊಲೆಗಳು ಇಳಿದವು. ಇದರಲ್ಲೂ ಒಂದು ಪೆಟ್ಟು ಇತ್ತು. ಎರಡು ಪಕ್ಷ ಸೇರಿ ಬಾಗಿಲು ಹಾಕಿಕೊಂಡಾಗ ಮೂರನೆಯವನು ಹೊರಗೆ ಉಳಿದ. 1964ರಲ್ಲಿ ಫಾರ್ಕ್ ಅನ್ನೋ ಗೆರಿಲ್ಲಾ ಪಡೆ ಹುಟ್ಟಿತು, 2016ರ ಒಪ್ಪಂದದವರೆಗೆ ಕಾದಾಡಿತು. ಅಂದರೆ ದೊಡ್ಡವರಿಬ್ಬರು ಒಂದಾಗೋದಷ್ಟೇ ಸಾಲದು.

ಶ್ರೀಲಂಕಾದ ಕಥೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅನ್ನೋ ಕಾಯ್ದೆ. ಅಲ್ಲಿಂದ 27 ವರ್ಷ ಗಲಭೆ, ಸತ್ಯಾಗ್ರಹ, ಮುರಿದ ಒಪ್ಪಂದಗಳು. 1983ರ ಜುಲೈನಲ್ಲಿ ಜಾಫ್ನಾದ ಹತ್ತಿರ 13 ಸೈನಿಕರು ಸತ್ತ ಮೇಲೆ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು. ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಪೊಲೀಸರು ಎಷ್ಟೋ ಕಡೆ ಸುಮ್ನೆ ನಿಂತು ನೋಡಿದರು. ಅವತ್ತಿನವರೆಗೆ ತಮಿಳು ಹುಲಿಗಳ ಪಡೆ ಚಿಕ್ಕದಿತ್ತು. ಅವತ್ತಿನಿಂದ ಹುಡುಗರು ಸಾವಿರಗಟ್ಟಲೆ ಬಂದು ಸೇರಿದರು. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಅಮೆರಿಕ ಉಲ್ಟಾ ಉದಾಹರಣೆ. ಅಲ್ಲಿ 1960ರಲ್ಲಿ, ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರಾಗುತ್ತಾ ಅಂತ ಕೇಳಿದ್ದರು. ಹೌದು ಅಂದವರು ನೂರಕ್ಕೆ ಐದು ಜನ. 2010ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ ಹೌದು ಅಂದರು. ದ್ವೇಷದ ಲೆಕ್ಕದಲ್ಲಿ ಅದು ಭಾರೀ ಏರಿಕೆ. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೇ ನುಗ್ಗಿತು. ಆದರೂ ಅಂತರ್ಯುದ್ಧ ಆಗಲಿಲ್ಲ. ಚುನಾವಣೆ ಫಲಿತಾಂಶದ ವಿರುದ್ಧ ಹಾಕಿದ ಹತ್ತಾರು ಕೇಸುಗಳನ್ನು ಕೋರ್ಟುಗಳು ತಳ್ಳಿಹಾಕಿದವು. ಸೋತ ಅಧ್ಯಕ್ಷರೇ ನೇಮಿಸಿದ್ದ ನ್ಯಾಯಾಧೀಶರೂ ಅದರಲ್ಲಿದ್ದರು. ಅವರದ್ದೇ ಪಕ್ಷದ ಚುನಾವಣಾ ಅಧಿಕಾರಿಗಳು ಎಣಿಕೆ ಬದಲಿಸಲು ಒಪ್ಪಲಿಲ್ಲ. ಕೆಲವು ಗುಮಾಸ್ತರು, ಕೆಲವು ನ್ಯಾಯಾಧೀಶರು ತಮ್ಮ ಕೆಲಸ ಮಾಡಿದರು, ಅಷ್ಟೇ. ದೇಶ ಉಳಿಯುವುದು ಎಷ್ಟೋ ಸಲ ಇಷ್ಟರಲ್ಲೇ.

ಈಗ ಶಿವಮೊಗ್ಗಕ್ಕೆ ಬರುತ್ತೇನೆ. ಇಲ್ಲಿ ಕೂತವರಿಗೆ ನಾನು ನೆನಪು ಮಾಡಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ ಒಬ್ಬ ಯುವಕನ ಕೊಲೆ, ಆಮೇಲೆ ಕಲ್ಲು, ಬೆಂಕಿ. ಅದೇ ವರ್ಷ ಆಗಸ್ಟ್ 15ರಂದು ಅಮೀರ್ ಅಹ್ಮದ್ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಗಲಾಟೆ, ಆಮೇಲೆ ಚೂರಿ ಇರಿತ. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಮೆರವಣಿಗೆ ಹೊತ್ತಿನ ಕಲ್ಲುತೂರಾಟ. ಪ್ರತಿ ಸಲ 144, ಶಾಲೆಗಳಿಗೆ ರಜೆ, ಗಾಂಧಿ ಬಜಾರಿನಲ್ಲಿ ಎಳೆದ ಶಟರು. ಯಾವ ಪಟ್ಟಿಯಲ್ಲೂ ಇದು ಯುದ್ಧ ಅಲ್ಲ. ಆದರೆ ದಿನಗೂಲಿಯವನಿಗೆ, ಹೂ ಮಾರುವವಳಿಗೆ, ಪರೀಕ್ಷೆ ಇದ್ದ ಹುಡುಗಿಗೆ ಪಟ್ಟಿ ಕಟ್ಟಿಕೊಂಡು ಏನಾಗಬೇಕು? ಮಗನನ್ನು ಕಳೆದುಕೊಂಡ ತಾಯಿಗೆ ಅದು ಸಣ್ಣ ಘಟನೆ ಅಂತ ಹೇಳೋಕೆ ಯಾರಿಗಾದರೂ ಬಾಯಿ ಬರುತ್ತಾ?

ಇಲ್ಲಿ ನೆನಪಿಗೆ ಬರೋದು ರಾಜ್ಯಶಾಸ್ತ್ರದ ವಿದ್ವಾಂಸ ಅಶುತೋಷ್ ವಾರ್ಷ್ಣೇಯ ಅವರ ಕೆಲಸ. 1950ರಿಂದ 1995ರವರೆಗಿನ ಹಿಂದೂ ಮುಸ್ಲಿಂ ಗಲಭೆಗಳನ್ನು ಅವರು ಊರು ಊರಾಗಿ ಲೆಕ್ಕ ಹಾಕಿದರು. ಸತ್ತವರಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟೇ ಎಂಟು ನಗರಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಾವು. ಆಮೇಲೆ ಅವರು ಜೋಡಿ ಊರುಗಳನ್ನು ಹೋಲಿಸಿದರು. ಉತ್ತರ ಪ್ರದೇಶದ ಅಲಿಗಢದಲ್ಲಿ ಮತ್ತೆ ಮತ್ತೆ ಗಲಭೆ, ಕೇರಳದ ಕಲ್ಲಿಕೋಟೆಯಲ್ಲಿ ಇಲ್ಲ. ಎರಡೂ ಕಡೆ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಕಲ್ಲಿಕೋಟೆಯವರು ದೇವತೆಗಳೇನಲ್ಲ. ಅಲ್ಲಿ ವರ್ತಕರ ಸಂಘ, ಹಮಾಲರ ಸಂಘ, ಓದುಗರ ಬಳಗ ಎಲ್ಲದರಲ್ಲೂ ಎರಡು ಕಡೆಯವರೂ ಒಟ್ಟಿಗೆ ಇದ್ದರು. ಗಾಳಿಸುದ್ದಿ ಬಂದರೆ ಅದು ಸುಳ್ಳು ಅಂತ ಗಂಟೆಯೊಳಗೆ ತಿಳಿಯೋಕೆ ದಾರಿ ಇತ್ತು.

ಅವರ ಇನ್ನೊಂದು ಮಾತು ನಮಗೆ ಸ್ವಲ್ಪ ಕಹಿ. ಹಬ್ಬಕ್ಕೆ ಪಾಯಸ ಕೊಡೋದು, ಮದುವೆಗೆ ಹೋಗೋದು ಇವೆಲ್ಲ ಹಳ್ಳಿಯಲ್ಲಿ ಸಾಕಾಗುತ್ತದೆ. ನಗರದಲ್ಲಿ ಸಾಕಾಗೋದಿಲ್ಲ. ನಗರದಲ್ಲಿ ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಅಲ್ಲಿ ಸಂಘ ಬೇಕು, ಲೆಕ್ಕಪತ್ರ ಬೇಕು, ಒಟ್ಟಿಗೆ ಕಳೆದುಕೊಳ್ಳುವಂಥದ್ದು ಏನಾದರೂ ಬೇಕು. ಸೌಹಾರ್ದದ ಮಾತು ಬಂದರೆ ನಾವು ತಕ್ಷಣ ಹಣಗೆರೆಕಟ್ಟೆ ತೋರಿಸುತ್ತೇವೆ. ಒಂದೇ ಸೂರಿನಡಿ ಚೌಡೇಶ್ವರಿಯೂ ಇದ್ದಾಳೆ, ದರ್ಗಾವೂ ಇದೆ. ಅದು ನಮ್ಮ ಹೆಮ್ಮೆ, ನನಗೂ ಹೆಮ್ಮೆ. ಆದರೆ ಅಲ್ಲಿ ಹರಕೆ ತೀರಿಸಿ ಬಂದವನೇ ಸಂಜೆ ಶಿವಮೊಗ್ಗದ ಗುಂಪಿನಲ್ಲಿ ಕಲ್ಲು ಹಿಡಿಯದಂತೆ ಆ ಭಕ್ತಿಯೊಂದೇ ತಡೆಯುತ್ತೆ ಅಂತ ನಾನು ನಂಬೋದಿಲ್ಲ.

ಅಡಿಕೆ ತಡೆಯುತ್ತೆ ಅಂತ ಸ್ವಲ್ಪ ನಂಬುತ್ತೇನೆ. ತೋಟ ಒಬ್ಬರದ್ದು. ಚೇಣಿ ಹಿಡಿದವನು ಇನ್ನೊಬ್ಬ, ಎಷ್ಟೋ ಕಡೆ ಬೇರೆ ಧರ್ಮದವನು. ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಮತ್ತೊಬ್ಬ. ಸುಲಿಯೋಕೆ ಕೂರುವ ಹೆಂಗಸರು ಹತ್ತು ಕೇರಿಯವರು. ಚೇಣಿ ಅಂದರೆ ಗಾಳಿಯಲ್ಲಿ ಇರುವ ಫಸಲಿನ ಮೇಲೆ ಕೊಟ್ಟ ಮಾತು. ಮರದ ಮೇಲಿನ ಹಸಿ ಕೊನೆ ನೋಡಿ, ಇಷ್ಟು ಒಣ ಅಡಿಕೆ ಕೊಡುತ್ತೇನೆ ಅಂತ ಒಪ್ಪಿಕೊಳ್ಳುತ್ತಾನೆ. ಕೊಳೆ ರೋಗ ಬಂದರೆ ಇಬ್ಬರೂ ಕೂತು ಮಾತಾಡಿ ಸರಿ ಮಾಡಿಕೊಳ್ಳಬೇಕು. ಅಲ್ಲಿ ಮುರಿದುಕೊಂಡರೆ ನಷ್ಟ ಇಬ್ಬರಿಗೂ. 1939ರಲ್ಲಿ ಶುರುವಾದ ಮ್ಯಾಮ್‌ಕೋಸ್‌ನಂಥ ಅಡಿಕೆ ಮಾರಾಟದ ಸಹಕಾರ ಸಂಘಗಳಲ್ಲಿ ಚುನಾವಣೆ ಹೊತ್ತಿಗೆ ಜಾತಿ, ಪಕ್ಷ, ಪ್ಯಾನಲ್ಲು ಎಲ್ಲ ಬರುತ್ತದೆ. ಆದರೆ ಮರುದಿನ ರಾಶಿ, ಬೆಟ್ಟೆ ಅನ್ನೋ ಅಡಿಕೆ ಬಗೆಗಳ ಧಾರಣೆ ಪಕ್ಷ ನೋಡಿ ಬದಲಾಗೋದಿಲ್ಲ. ಸೋತ ಪ್ಯಾನಲ್ಲಿನವನ ಮೂಟೆಯನ್ನು ಯಾರೂ ಹೊರಗೆ ಹಾಕೋದಿಲ್ಲ.

ಇಂಥವು ಕಡಿಮೆಯಾಗುತ್ತಿವೆ ಅನ್ನೋದು ನನ್ನ ಚಿಂತೆ. ಕೊಪ್ಪದಲ್ಲಿ ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ 1991ರಲ್ಲಿ ಶುರುವಾಯಿತು, 2020ರಲ್ಲಿ ನಿಂತಿತು. ಒಂದೇ ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ಬೇರೆ ಬೇರೆ ವ್ಯಾನು ಹತ್ತುತ್ತಾರೆ. ಜಾತ್ರೆಯಲ್ಲಿ ಯಾರು ಅಂಗಡಿ ಇಡಬೇಕು, ಯಾರು ಇಡಬಾರದು ಅನ್ನೋ ಬೋರ್ಡುಗಳನ್ನು 2022ರಲ್ಲಿ ನೋಡಿದೆವು. ಆಗ ಕೋಟೆ ಮಾರಿಕಾಂಬಾ ಜಾತ್ರೆಯಲ್ಲೂ ಆ ಮಾತು ಬಂತು. ಒಂದು ಅಂಗಡಿ ಎತ್ತಿಸಿದರೆ ಒಂದು ದಿನದ ವ್ಯಾಪಾರ ಹೋಗುತ್ತದೆ ಅಷ್ಟೇ ಅಂತ ತಿಳಿಯಬೇಡಿ. ಆ ಅಂಗಡಿಯವನಿಗೂ ಪಕ್ಕದ ಅಂಗಡಿಯವನಿಗೂ ನಡುವೆ ಇದ್ದ ಚಿಲ್ಲರೆ ಕೊಡುಕೊಳ್ಳು, ಸಾಲ, ಕಷ್ಟಕ್ಕೆ ಆಗುವ ಮಾತು ಎಲ್ಲ ಹೋಗುತ್ತದೆ. ಮುಂದಿನ ಗಾಳಿಸುದ್ದಿಗೆ ಅಲ್ಲಿ ತಡೆ ಇರುವುದಿಲ್ಲ.

ಸೇರಿಸುವುದರಲ್ಲೂ ಎರಡು ಬಗೆ ಇದೆ. ಮ್ಯಾಟ್ ಲೋ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರನ್ನು ಸೇರಿಸಿಕೊಂಡು, ಅವರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಒಂದಷ್ಟು ಜನರಿಗೆ ಕ್ರಿಕೆಟ್ ಆಡಿಸಿದರು. ಬೇರೆ ಬೇರೆ ಜಾತಿಯವರು ಒಂದೇ ಟೀಮಿನಲ್ಲಿ ಆಡಿದಾಗ ಸ್ನೇಹ ಬೆಳೆಯಿತು. ಎದುರಾಳಿಗಳಾಗಿ ಆಡಿದಾಗ ಸ್ನೇಹ ಬೆಳೆಯಲಿಲ್ಲ, ಕಡಿಮೆಯೇ ಆಯಿತು. ಸೌಹಾರ್ದ ಪಂದ್ಯ ಅಂತ ಆ ಕೇರಿ ಈ ಕೇರಿ ಟೀಮು ಮಾಡಿ ಆಡಿಸುವವರು ಇದನ್ನು ದಯವಿಟ್ಟು ಗಮನಿಸಿ. ಟೀಮು ಕಲಸಿ ಮಾಡಿ.

ಇನ್ನು ಪ್ರಶ್ನೆಗಳು.

ಒಬ್ಬರು ತಾಯಿ ಕೇಳಿದರು: "ನನ್ನ ಮಗ ದಿನವಿಡೀ ವಾಟ್ಸಾಪ್ ನೋಡ್ತಾನೆ. ಆ ಕಡೆಯವರೆಲ್ಲ ನಮ್ಮನ್ನು ಮುಗಿಸೋಕೆ ಕಾಯ್ತಿದ್ದಾರೆ ಅಂತಾನೆ. ಅವನಿಗೆ ಏನು ಹೇಳಲಿ ಸರ್?"

ಅಮ್ಮಾ, ಅವನನ್ನು ಬೈಯಬೇಡಿ. ಅವನಿಗೆ ನಿಜವಾಗಿಯೂ ಭಯ ಇದೆ. ಅಮೆರಿಕದಲ್ಲಿ 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎದುರು ಪಕ್ಷದವರಲ್ಲಿ ಎಷ್ಟು ಜನ ಹಿಂಸೆಗೆ ಒಪ್ಪುತ್ತಾರೆ ಅಂತ ಜನರನ್ನು ಕೇಳಿದರು. ನಿಜಕ್ಕಿಂತ ಹಲವು ಪಟ್ಟು ಜಾಸ್ತಿ ಹೇಳಿದರು, ಎರಡೂ ಕಡೆಯವರು. ನಿಜವಾದ ಲೆಕ್ಕ ತೋರಿಸಿದ ಮೇಲೆ ಅವರದೇ ಮನಸ್ಸಿನಲ್ಲಿದ್ದ ಹಿಂಸೆಯ ಒಲವು ಇಳಿಯಿತು, ವಾರಗಟ್ಟಲೆ ಹಾಗೇ ಉಳಿಯಿತು. ಅದಕ್ಕೇ ಹೇಳೋದು, ಮಗನ ಹತ್ತಿರ ವಾದ ಬೇಡ, ಒಂದು ಪ್ರಶ್ನೆ ಕೇಳಿ. ಆ ಕಡೆಯವರಲ್ಲಿ ನಿನಗೆ ಹೆಸರು ಹಿಡಿದು ಗೊತ್ತಿರುವವರು ಎಷ್ಟು ಜನ, ಅವರಲ್ಲಿ ಯಾರು ನಿನ್ನನ್ನು ಮುಗಿಸೋಕೆ ಕಾಯ್ತಿದ್ದಾರೆ? ಗ್ಯಾರೇಜಿನವನಾ? ಕ್ಲಾಸ್‌ಮೇಟಾ? ಒಬ್ಬರೂ ಗೊತ್ತಿಲ್ಲ ಅಂತ ಉತ್ತರ ಬಂದರೆ ಅದೇ ನಿಜವಾದ ತೊಂದರೆ. ಅದನ್ನು ಮೊಬೈಲು ಕಿತ್ತುಕೊಂಡು ಸರಿ ಮಾಡೋಕಾಗೋದಿಲ್ಲ. ಅವನನ್ನು ಎಲ್ಲರೂ ಇರುವ ಒಂದು ಟೀಮಿಗೋ, ರಕ್ತದಾನದ ಗುಂಪಿಗೋ ಸೇರಿಸಬೇಕು.

ಹಿಂದಿನ ಸಾಲಿನಿಂದ ಒಬ್ಬ ಯುವಕ ಕೇಳಿದ್ದು: "ಠಾಣೆಯಲ್ಲಿ ಹಬ್ಬಕ್ಕೆ ಮುಂಚೆ ಶಾಂತಿ ಸಭೆ ಮಾಡ್ತಾರಲ್ಲ, ಅದರಿಂದ ಏನಾದರೂ ಪ್ರಯೋಜನ ಇದೆಯಾ?"

ಇದೆ, ಆದರೆ ಈಗ ನಡೆಯುವ ರೀತಿಯಲ್ಲಿ ಕಡಿಮೆ. ಗಣಪತಿಗೆ ಮುಂಚೆ, ಈದ್ ಮಿಲಾದಿಗೆ ಮುಂಚೆ ಸಭೆ. ಎರಡೂ ಕಡೆಯ ಅದೇ ಹಿರಿಯರು ಬಂದು ಅದೇ ಮಾತು ಹೇಳಿ ಟೀ ಕುಡಿದು ಹೋಗುತ್ತಾರೆ. ಕಲ್ಲು ಹಿಡಿಯುವ ವಯಸ್ಸಿನವರು ಅಲ್ಲಿ ಇರೋದಿಲ್ಲ. ಹೆಂಗಸರು ಇರೋದಿಲ್ಲ.

ಮುಂಬೈ ಹತ್ತಿರದ ಭಿವಂಡಿಯನ್ನು ನೋಡಿ. ಮಗ್ಗಗಳ ಊರು. 1970ರಲ್ಲಿ, 1984ರಲ್ಲಿ ಭಾರೀ ಗಲಭೆಗಳಾದವು. ಆಮೇಲೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಬಡಾವಣೆ ಬಡಾವಣೆಗೂ ಮೊಹಲ್ಲಾ ಸಮಿತಿ ಮಾಡಿದರು. ಎರಡೂ ಧರ್ಮದವರು, ಸಾಮಾನ್ಯ ಜನ. ಹಬ್ಬ ಇರಲಿ ಬಿಡಲಿ, ವರ್ಷವಿಡೀ ಸೇರುತ್ತಿದ್ದರು. ಪೊಲೀಸ್ ಪೇದೆಯೂ ಜೊತೆಗೆ ಕೂರುತ್ತಿದ್ದ. 1992ರ ಡಿಸೆಂಬರಿನಿಂದ 1993ರ ಜನವರಿವರೆಗೆ ಮುಂಬೈ ಉರಿಯಿತು. ಆ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ 900 ಜನ ಸತ್ತರು. ಭಿವಂಡಿ ಆ ಎರಡು ತಿಂಗಳು ಶಾಂತವಾಗಿತ್ತು.

ಅದು ದೊಡ್ಡ ಅನುದಾನದ ಕೆಲಸ ಅಲ್ಲ. ಶಿವಮೊಗ್ಗದ ಪ್ರತಿ ಠಾಣೆ ವ್ಯಾಪ್ತಿಯಲ್ಲೂ ಮಾಡಬಹುದು. ಹಬ್ಬವೇ ಇಲ್ಲದ ತಿಂಗಳಲ್ಲೂ ಸಭೆ ಕರೆಯಿರಿ, ಆಟೋ ಸ್ಟ್ಯಾಂಡಿನವರನ್ನು, ತರಕಾರಿ ಮಾರುವವರನ್ನು, ಪೌರಕಾರ್ಮಿಕರನ್ನು, ಅಂಗನವಾಡಿಯವರನ್ನು, ಕಾಲೇಜು ಹುಡುಗ ಹುಡುಗಿಯರನ್ನು ಕರೆಯಿರಿ ಅಂತ ಬರೆದು ಕೊಟ್ಟರೆ ಯಾವ ಇನ್ಸ್‌ಪೆಕ್ಟರೂ ಬೇಡ ಅನ್ನಲಾರರು. ಅರ್ಜಿಯನ್ನು ಇವತ್ತೇ ಇಲ್ಲೇ ಬರೆಯೋಣ. ಪೆನ್ನು ನನ್ನ ಹತ್ತಿರ ಇದೆ. ನಿಮ್ಮ ನಿಮ್ಮ ಬಡಾವಣೆಗೆ ಯಾವ ಠಾಣೆ ಬರುತ್ತದೆ ಅಂತ ಹೇಳುತ್ತಾ ಬನ್ನಿ.